ಯಾರ ಕಡೆಯವರು?

ಹನ್ನೆರಡನೆಯ ಶತಮಾನದ ಮೂವತ್ತರ ದಶಕದಲ್ಲಿ ಮಂಗಳೂರು ಬಂದರಿಗೆ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ ಬಂದಿಳಿದ. ಊರು ಟ್ಯುನೀಶಿಯಾದ ಮಹ್ದಿಯಾ, ಮತ ಯಹೂದಿ, ವ್ಯವಹಾರದ ಭಾಷೆ ಅರಬ್ಬಿ. ಸುಮಾರು ಹದಿನೇಳು ವರ್ಷ ಈ ಕರಾವಳಿಯಲ್ಲೇ ನೆಲೆಸಿ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವನ್ನು ಏಡನ್‌ಗೆ ಕಳಿಸಿದ. ಅಲ್ಲಿಂದ ಬಂದ ಒಡಕು ಕಂಚಿನ ಪಾತ್ರೆಗಳನ್ನು ಇಲ್ಲಿ ಕರಗಿಸಿ, ಹೊಸದಾಗಿ ಎರಕ ಹೊಯ್ಸಿ ಹಡಗು ಹತ್ತಿಸುತ್ತಿದ್ದ. ಅವನ ಪರವಾಗಿ ಸಮುದ್ರ ದಾಟಿ ಲೆಕ್ಕ ಚುಕ್ತಾ ಮಾಡಿ ಬರುತ್ತಿದ್ದವನು ಬೊಮ್ಮ. ದಾಖಲೆಯಲ್ಲಿ ಆತ ಗುಲಾಮ, ಕೆಲಸದಲ್ಲಿ ನಂಬಿಗಸ್ತ ಪ್ರತಿನಿಧಿ.

ಈ ವಿವರಗಳು ಉಳಿದದ್ದು ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಕಾಗದದ ಕೋಣೆಯಲ್ಲಿ. ದೇವರ ಹೆಸರಿರಬಹುದಾದ ಕಾಗದವನ್ನು ಹರಿದೆಸೆಯಬಾರದೆಂಬ ನಂಬಿಕೆಯಿಂದ ಅಲ್ಲಿ ಶತಮಾನಗಳ ಪತ್ರಗಳನ್ನು ತುಂಬಿಟ್ಟಿದ್ದರು. ವಿದ್ವಾಂಸ ಎಸ್.ಡಿ. ಗಾಯ್ಟೈನ್ ಅವನ್ನು ಓದಿ ಜೋಡಿಸಿದರು. 1992ರಲ್ಲಿ ಪ್ರಕಟವಾದ ‘ಇನ್ ಆನ್ ಆಂಟೀಕ್ ಲ್ಯಾಂಡ್’ ಕೃತಿಗಾಗಿ ಅಮಿತಾವ್ ಘೋಷ್ ಬೊಮ್ಮನ ಜಾಡು ಹಿಡಿದು ತುಳುನಾಡಿಗೆ ಬಂದರು. ಆ ಪತ್ರಗಳಲ್ಲಿ ಒಂದು ತಗಾದೆಯ ಕಥೆ ಇದೆ. ಏಲಕ್ಕಿಗೆಂದು ಮುಂಗಡ ಪಡೆದ ಸ್ಥಳೀಯ ದಲ್ಲಾಳಿಯೊಬ್ಬ ಮಾಲು ಕೊಡದೆ ಸತಾಯಿಸುತ್ತಾನೆ. ಏಡನ್ ಮತ್ತು ಮಂಗಳೂರು ಎರಡಕ್ಕೂ ಅನ್ವಯವಾಗುವ ಕಾನೂನಾಗಲಿ ನ್ಯಾಯಾಲಯವಾಗಲಿ ಇಲ್ಲ. ಏಡನ್‌ನ ಗೆಳೆಯ ಬರೆದ ಸಲಹೆ ಇಷ್ಟು: ಬಾಕಿ ತೀರಿಸದವರ ಮಾನವನ್ನು ಇಲ್ಲಿ ಬಹಿರಂಗವಾಗಿ ಹರಾಜು ಹಾಕುತ್ತೇವೆ ಎಂದು ಅವನಿಗೆ ತಿಳಿಸು, ಹೆದರಿಯಾನು. ತಗಾದೆಯ ನಡುವೆಯೂ ಹಡಗುಗಳಲ್ಲಿ ಬೆನ್ ಯಿಜುವಿಗೆ ಬರೆಯಲು ಬಿಳಿ ಕಾಗದ, ಸಕ್ಕರೆ, ಒಣದ್ರಾಕ್ಷಿ ಉಡುಗೊರೆಯಾಗಿ ಬರುತ್ತಲೇ ಇದ್ದವು.

ಉದ್ಯಮ ಹುಟ್ಟುವುದು ಸಂಸ್ಕೃತಿಯಿಂದಲೋ, ಸಂಪರ್ಕದಿಂದಲೋ ಎಂಬ ಚರ್ಚೆಗೆ ಈ ಪತ್ರಗಳು ಒಳ್ಳೆಯ ಪೀಠಿಕೆ. ಮೊದಲ ಪಕ್ಷದ ಹಿರಿಯ ವಕೀಲ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್. ಪ್ರಾಟೆಸ್ಟಂಟ್ ನಿಷ್ಠೆಗೂ ಬಂಡವಾಳಶಾಹಿಯ ಮನೋಧರ್ಮಕ್ಕೂ ನಂಟಿದೆ ಎಂದು 1904-05ರಲ್ಲಿ ವಾದಿಸಿದ ಅವರು, ಮುಂದೆ ಭಾರತದ ಧರ್ಮಗಳ ಬಗ್ಗೆ ಬರೆಯುವಾಗ ಜಾತಿ ಮತ್ತು ಕರ್ಮಸಿದ್ಧಾಂತ ಇಲ್ಲಿ ಅಂಥ ಮನೋಧರ್ಮಕ್ಕೆ ಅಡ್ಡಿ ಎಂದರು. ಈ ಮಾತು ಎಷ್ಟು ಆಳಕ್ಕೆ ಇಳಿಯಿತೆಂದರೆ, ಸ್ವಾತಂತ್ರ್ಯಾನಂತರದ ನಿಧಾನಗತಿಯ ಆರ್ಥಿಕತೆಗೆ ಅರ್ಥಶಾಸ್ತ್ರಜ್ಞ ರಾಜ್ ಕೃಷ್ಣ ‘ಹಿಂದೂ ಬೆಳವಣಿಗೆ ದರ’ ಎಂದು ಚಟಾಕಿ ಹಾರಿಸಿದಾಗ ಹಲವರು ಅದನ್ನು ವಿವರಣೆಯೆಂದೇ ತೆಗೆದುಕೊಂಡರು. 1991ರ ನಂತರ ದರ ಏರಿತು, ದೇವರುಗಳು ಬದಲಾಗಲಿಲ್ಲ. ಮಾನವಶಾಸ್ತ್ರಜ್ಞ ಮಿಲ್ಟನ್ ಸಿಂಗರ್ ಮದರಾಸಿನ ಉದ್ಯಮಿಗಳನ್ನು ಹತ್ತಿರದಿಂದ ನೋಡಿ 1972ರಲ್ಲೇ ಬರೆದಿದ್ದರು: ಮನೆಯ ಆಚಾರ, ಕಾರ್ಖಾನೆಯ ವ್ಯವಹಾರ ಎರಡನ್ನೂ ಬೇರೆ ಬೇರೆ ಇಟ್ಟು ಇವರು ಆರಾಮವಾಗಿದ್ದಾರೆ ಎಂದು.

ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಾಧಿಸುವ ಹಂಬಲವನ್ನು ಕಲಿಸಬಹುದು ಎಂದು 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ತರಬೇತಿ ಏರ್ಪಡಿಸಿದರು. ತರಬೇತಿ ಪಡೆದವರು ಆಮೇಲೆ ಹೆಚ್ಚು ಚುರುಕಾದರು ಎಂದು ವರದಿಯಾಯಿತು. ಒಂದೇ ಊರಿನ ವ್ಯಾಪಾರಿಗಳು ಕೆಲವು ದಿನ ಒಂದೇ ಸೂರಿನಡಿ ಕೂತು ಮಾತಾಡಿದ್ದರಿಂದಲೇ ಎಷ್ಟು ಕೆಲಸ ಆಯಿತೋ, ಹಂಬಲ ಹೆಚ್ಚಿದ್ದರಿಂದ ಎಷ್ಟು ಆಯಿತೋ, ಬೇರ್ಪಡಿಸಿ ಹೇಳುವುದು ಕಷ್ಟ.

ಎರಡನೆಯ ಪಕ್ಷಕ್ಕೆ ಬಲ ಬಂದದ್ದು ಅದೇ ಕೈರೋದ ಕಾಗದಗಳಿಂದ. ಹನ್ನೊಂದನೆಯ ಶತಮಾನದ, ಉತ್ತರ ಆಫ್ರಿಕಾದ ಮಗ್ರಿಬಿ ಯಹೂದಿ ವ್ಯಾಪಾರಿಗಳ ಪತ್ರಗಳನ್ನು ಓದಿದ ಅರ್ಥಶಾಸ್ತ್ರಜ್ಞ ಅವ್ನರ್ ಗ್ರೈಫ್, ದೂರದ ಊರಿನ ಪ್ರತಿನಿಧಿ ಮೋಸ ಮಾಡದಿರಲು ಕಾರಣ ಸದ್ಗುಣಕ್ಕಿಂತ ಹೆಚ್ಚಾಗಿ ಲೆಕ್ಕಾಚಾರ ಎಂದು 1989ರಲ್ಲಿ ವಾದಿಸಿದರು. ಒಬ್ಬನಿಗೆ ಟೋಪಿ ಹಾಕಿದವನಿಗೆ ಬಳಗದ ಉಳಿದವರಾರೂ ಕೆಲಸ ಕೊಡುತ್ತಿರಲಿಲ್ಲ. ಶೀಲಾ ಒಗಿಲ್ವಿ ಮತ್ತು ಜೆರೆಮಿ ಎಡ್ವರ್ಡ್ಸ್ ಇದನ್ನು ಒಪ್ಪಲಿಲ್ಲ. ಅದೇ ವ್ಯಾಪಾರಿಗಳು ಬೇಕಾದಾಗ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದರು ಎಂದು ತೋರಿಸಿದರು. ಎರಡೂ ಕಡೆಯ ವಾದದಲ್ಲಿ ತಿರುಳಿದೆ. ಬಳಗದ ಬಾಯಿಮಾತು ಕಾನೂನಿನ ಜಾಗವನ್ನು ಪೂರ್ತಿ ತುಂಬುವುದು ಅಪರೂಪ. ಕಾನೂನು ನಿಧಾನವಾದ, ದುಬಾರಿಯಾದ ಕಡೆ ಅದು ಮುಂದೆ ಬಂದು ನಿಲ್ಲುತ್ತದೆ.

ಇದಕ್ಕೆ ಅವಿಭಜಿತ ದಕ್ಷಿಣ ಕನ್ನಡಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ. ದೊಡ್ಡ ಕೈಗಾರಿಕೆ ಇಲ್ಲದ, ಘಟ್ಟ ಮತ್ತು ಕಡಲಿನ ನಡುವೆ ಸಿಕ್ಕ ಈ ಜಿಲ್ಲೆಯಲ್ಲಿ ಇಪ್ಪತ್ತೈದೇ ವರ್ಷಗಳಲ್ಲಿ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲರೂಪವಾದ ಫಂಡ್ ಆರಂಭಿಸಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಸಿಂಡಿಕೇಟ್, 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳುತನದಲ್ಲಿ ವಿಜಯಾ ಬ್ಯಾಂಕ್ ಬಂದವು. ಗೌಡ ಸಾರಸ್ವತರು, ಮುಸ್ಲಿಮರು, ಬ್ರಾಹ್ಮಣರು, ಬಂಟರು ಹೀಗೆ ಬೇರೆ ಬೇರೆ ಸಮುದಾಯದವರ ಮುಂದಾಳುತನದ ಬ್ಯಾಂಕುಗಳು ಇವು. ಯಾವುದೋ ಒಂದು ಮತದ ಮನೋಧರ್ಮ ಬ್ಯಾಂಕು ಹುಟ್ಟಿಸಿತು ಎನ್ನಲು ಇಲ್ಲಿ ಆಸ್ಪದವೇ ಇಲ್ಲ. ಇವಕ್ಕೆಲ್ಲ ಸಮಾನವಾಗಿದ್ದದ್ದು ಸಾಲಗಾರನ ಮನೆ, ಅಂಗಡಿ, ಮಾವನ ಕಡೆಯ ಆಸ್ತಿ ಎಲ್ಲವನ್ನೂ ಬಲ್ಲ ಸಣ್ಣ ವರ್ತುಲ. ಒಬ್ಬರು ಮಾಡಿದ್ದನ್ನು ಪಕ್ಕದವರು ನೋಡಿ ತಾವೂ ಮಾಡುವ ಪೈಪೋಟಿಯೂ ಇತ್ತು.

ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1928ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬ್ಯಾಂಕಿನ ಏಜೆಂಟ್ ದಿನವೂ ಮನೆ ಬಾಗಿಲಿಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಚೀಟಿ ಬರೆದುಕೊಡುತ್ತಿದ್ದ. ಕೈಮಗ್ಗದ ನೇಕಾರನಿಗೂ ಮೀನು ಮಾರುವವಳಿಗೂ ಇದು ಉಳಿತಾಯ. ಬ್ಯಾಂಕಿಗೆ ಅದಕ್ಕಿಂತ ಹೆಚ್ಚಿನದು. ಯಾವ ಅಂಗಡಿ ತಿಂಗಳಿಡೀ ತಪ್ಪದೆ ಕಟ್ಟುತ್ತದೆ, ಯಾರ ವ್ಯಾಪಾರ ಮಳೆಗಾಲದಲ್ಲಿ ಕುಸಿಯುತ್ತದೆ ಎಂಬ ಮಾಹಿತಿ ಏಜೆಂಟನ ಕಾಲ್ನಡಿಗೆಯಲ್ಲೇ ದಿನವೂ ಬ್ಯಾಂಕಿಗೆ ಬರುತ್ತಿತ್ತು. ಇಂದು ಫೋನಿನ ಆ್ಯಪ್‌ಗಳು ವ್ಯವಹಾರದ ಜಾಡು ನೋಡಿ ಸಾಲ ಕೊಡುವುದನ್ನು ಹೊಸ ಆವಿಷ್ಕಾರ ಎನ್ನುವವರು ಆ ಪಿಗ್ಮಿ ಏಜೆಂಟನ ಕಡೆಗೊಮ್ಮೆ ತಿರುಗಿ ನೋಡಬಹುದು.

ಹಣದ ಜಾಲದ ಜೊತೆಗೆ ಊಟದ ಜಾಲವೂ ಬೆಳೆಯಿತು. ಕಡಂದಲೆಯಿಂದ ಮದರಾಸಿಗೆ ಹೋದ ಕೃಷ್ಣರಾವ್ ಅಡುಗೆಮನೆಯ ಕೆಲಸದಿಂದ ಆರಂಭಿಸಿ 1930ರ ದಶಕದ ಕೊನೆಗೆ ವುಡ್‌ಲ್ಯಾಂಡ್ಸ್ ಕಟ್ಟಿದರು. ಎ. ರಾಮ ನಾಯಕರು 1942ರಲ್ಲಿ ಮುಂಬೈನ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಬೆಂಗಳೂರಿನ ಎಂಟಿಆರ್‌ನ ಮೂಲ 1924ರಷ್ಟು ಹಿಂದಿನದು; ಅದನ್ನು ಕಟ್ಟಿದ ಮಯ್ಯ ಸೋದರರೂ ಕರಾವಳಿಯವರೇ. ಈ ಹೋಟೆಲುಗಳಿಗೆ ಕೆಲಸಗಾರರನ್ನು ಹುಡುಕಲು ಜಾಹೀರಾತು ಬೇಕಾಗುತ್ತಿರಲಿಲ್ಲ. ಊರಿನಿಂದ ಪರಿಚಯದ ಚೀಟಿ ಹಿಡಿದು ಬಂದ ಹುಡುಗ ಮೊದಲು ಲೋಟ ತೊಳೆಯುತ್ತಾನೆ, ಆಮೇಲೆ ಟೇಬಲ್ ಒರೆಸುತ್ತಾನೆ, ಮಾಣಿಯಾಗಿ ಬಡಿಸುತ್ತಾನೆ, ರಾತ್ರಿ ಶಾಲೆಗೆ ಹೋಗಿ ಲೆಕ್ಕ ಕಲಿಯುತ್ತಾನೆ, ನಂಬಿಕೆ ಬಂದ ಮೇಲೆ ಗಲ್ಲಾದಲ್ಲಿ ಕೂರುತ್ತಾನೆ. ಗಲ್ಲಾ ಹಿಡಿದವನಿಗೆ ಹಾಲು, ತರಕಾರಿ, ಬಾಡಿಗೆ, ನಗರಪಾಲಿಕೆ ಎಲ್ಲದರ ಒಳಹೊರಗು ಗೊತ್ತಾಗಿರುತ್ತದೆ. ಅದೃಷ್ಟ ಇದ್ದರೆ ಸಾಹುಕಾರರೇ ಇನ್ನೊಂದು ಹೋಟೆಲನ್ನು ನಡೆಸಲು ವಹಿಸುತ್ತಾರೆ. ಮ್ಯಾನೇಜ್‌ಮೆಂಟ್ ಶಾಲೆಗಳು ಎರಡು ವರ್ಷದಲ್ಲಿ ಕಲಿಸಲು ಹೆಣಗುವುದನ್ನು ಈ ವ್ಯವಸ್ಥೆ ಹತ್ತು ವರ್ಷ ತೆಗೆದುಕೊಂಡು, ಸಂಬಳ ಕೊಟ್ಟು ಕಲಿಸುತ್ತಿತ್ತು.

ಆದರೆ ಆ ಪರಿಚಯದ ಚೀಟಿ ಎಲ್ಲರಿಗೂ ಸಿಗುತ್ತಿರಲಿಲ್ಲ. ಅಡುಗೆಮನೆಯೊಳಗೆ ಯಾರು ಕಾಲಿಡಬಹುದು, ಯಾವ ಕೋಣೆಯಲ್ಲಿ ಯಾರು ಊಟಕ್ಕೆ ಕೂರಬಹುದು ಎಂಬುದನ್ನು ಜಾತಿಯೇ ತೀರ್ಮಾನಿಸುತ್ತಿದ್ದ ಕಾಲ ಅದು. 1957ರಲ್ಲಿ ಮದರಾಸಿನ ಮುರಳಿ ಕೆಫೆಯ ಫಲಕದಲ್ಲಿದ್ದ ‘ಬ್ರಾಹ್ಮಣ’ ಎಂಬ ಪದದ ವಿರುದ್ಧ ಪೆರಿಯಾರ್ ಚಳವಳಿ ನಡೆಸಬೇಕಾಯಿತು. ಉಡುಪಿ ಹೋಟೆಲುಗಳ ಯಶೋಗಾಥೆ ಬರೆಯುವವರು ಈ ಪುಟವನ್ನು ಸಾಮಾನ್ಯವಾಗಿ ಮಗುಚಿ ಮುಂದೆ ಹೋಗುತ್ತಾರೆ.

ವಜ್ರದ ವ್ಯಾಪಾರದಲ್ಲಿ ಬಳಗದ ಶಕ್ತಿ ಇನ್ನೂ ನಿಚ್ಚಳ. ಅಂಗೈಯಲ್ಲಿ ಹಿಡಿಯುವಷ್ಟು ಮಾಲಿಗೆ ಕೋಟಿಗಟ್ಟಲೆ ಬೆಲೆ, ಬಚ್ಚಿಟ್ಟುಕೊಂಡು ಓಡುವುದು ಸುಲಭ. ಹಾಗಾಗಿ ಬೆಲ್ಜಿಯಂನ ಆ್ಯಂಟ್‌ವರ್ಪ್‌ನಲ್ಲಿ ಬಹುಕಾಲ ಈ ವ್ಯಾಪಾರ ಪರಸ್ಪರ ಬಲ್ಲ ಸಂಪ್ರದಾಯಸ್ಥ ಯಹೂದಿಗಳ ಕೈಯಲ್ಲಿತ್ತು. 1960ರ ದಶಕದಿಂದ ಅಲ್ಲಿಗೆ ಹೋದ ಗುಜರಾತಿನ ಪಾಲನಪುರಿ ಜೈನರು ಯಾರೂ ಮೂಸದ ಸಣ್ಣ, ಅಗ್ಗದ ಹರಳುಗಳನ್ನು ಕೊಂಡು ಸೂರತ್‌ನಲ್ಲಿ ಕತ್ತರಿಸಿ ಹೊಳಪು ಕೊಡಿಸಿ, ಕ್ರಮೇಣ ಆ್ಯಂಟ್‌ವರ್ಪ್‌ನ ವ್ಯಾಪಾರದ ದೊಡ್ಡ ಪಾಲನ್ನು ತಮ್ಮದಾಗಿಸಿಕೊಂಡರು. ವ್ಯಾಪಾರ ಕುದುರಿದಾಗ ಜೈನರೂ ‘ಮಜಲ್ ಉ ಬ್ರಾಖಾ’ ಎಂಬ ಹೀಬ್ರೂ ಹಾರೈಕೆ ಹೇಳಿ ಕೈಕುಲುಕುತ್ತಾರೆ. ಕರಾರು ಪತ್ರ ಇಲ್ಲದಿದ್ದರೂ ಮಾತು ಮುಗಿಯಿತು. ಸೂರತ್‌ನ ಕಾಠಿಯಾವಾಡಿ ಪಟೇಲರು ಹೊಲದಿಂದ ಸಾಣೆ ಕೆಲಸಕ್ಕೆ, ಅಲ್ಲಿಂದ ರಫ್ತಿಗೆ ಏರಿದ ಬಗೆಯನ್ನು ಅರ್ಥಶಾಸ್ತ್ರಜ್ಞ ಕೈವನ್ ಮುನ್ಶಿ ಅಧ್ಯಯನ ಮಾಡಿದ್ದಾರೆ. ವ್ಯಾಪಾರಿ ಹಿನ್ನೆಲೆಯೇ ಇಲ್ಲದವರು ಒಂದು ತಲೆಮಾರಿನಲ್ಲಿ ಜಾಗತಿಕ ಪೇಟೆ ಮುಟ್ಟಿದ್ದು ಪರಸ್ಪರ ಕೈಹಿಡಿದದ್ದರಿಂದ. ಇದೇ ಉದ್ಯಮ 2018ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸುಮಾರು 13 ಸಾವಿರ ಕೋಟಿ ರೂಪಾಯಿ ಹಗರಣದಲ್ಲೂ ಸುದ್ದಿಯಾಯಿತು. ಬಳಗದೊಳಗೆ ಬಿಗಿಯಾಗಿರುವ ಶಿಸ್ತು ಹೊರಗಿನ ಬ್ಯಾಂಕಿಗೆ ತಾನಾಗಿ ರಕ್ಷಣೆ ಕೊಡುವುದಿಲ್ಲ.

ಬಳಗ ತನ್ನನ್ನೇ ಮುಳುಗಿಸಿಕೊಂಡ ಕಥೆಯೂ ಇದೆ. ತಮಿಳುನಾಡಿನ ನಾಟ್ಟುಕೋಟ್ಟೈ ಚೆಟ್ಟಿಯಾರರು ಬ್ರಿಟಿಷರ ಬರ್ಮಾದಲ್ಲಿ ಭತ್ತದ ರೈತರಿಗೆ ಸಾಲ ಕೊಡುವ ಮುಖ್ಯ ಮೂಲವಾಗಿದ್ದರು. 1930ರ ಆರ್ಥಿಕ ಕುಸಿತದಲ್ಲಿ ಭತ್ತದ ಬೆಲೆ ಬಿದ್ದು, ಅಡವಿಟ್ಟ ಜಮೀನುಗಳು ಅವರ ಪಾಲಾದವು. ಕೆಳಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳಲ್ಲಿ ಅವರ ಕೈಯಲ್ಲಿದ್ದ ಭೂಮಿ 1930ರಲ್ಲಿ ಶೇ 6ರಷ್ಟಿದ್ದದ್ದು 1938ರ ಹೊತ್ತಿಗೆ ಶೇ 25ಕ್ಕೆ ಏರಿತು. ಸ್ಥಳೀಯರ ಸಿಟ್ಟಿಗೆ ಗುರಿಯಾದರು. 1942ರಲ್ಲಿ ಜಪಾನೀಯರ ದಾಳಿ, ಆಮೇಲೆ ರಾಷ್ಟ್ರೀಕರಣ, ಕಟ್ಟಿದ್ದೆಲ್ಲ ಹೋಯಿತು. ಕಾರೈಕುಡಿ ಸೀಮೆಯ ಬಂಗಲೆಗಳಲ್ಲಿ ಬರ್ಮಾ ತೇಗದ ಕಂಬಗಳು ಉಳಿದಿವೆ. ತಮ್ಮೊಳಗೆ ಅಷ್ಟು ಗಟ್ಟಿಯಾಗಿದ್ದ ಜಾಲಕ್ಕೆ ಬರ್ಮೀಯರೊಡನೆ ಸಾಲದ ನಂಟು ಬಿಟ್ಟರೆ ಬೇರೆ ಎಳೆ ತೆಳುವಾಗಿತ್ತು.

ತೆಳು ಎಳೆಗಳ ಮಹತ್ವವನ್ನು ಶಾಸ್ತ್ರೀಯವಾಗಿ ಎತ್ತಿ ಹಿಡಿದವರು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್. ಅಮೆರಿಕದ ಬಾಸ್ಟನ್ ಬಳಿಯ ನ್ಯೂಟನ್‌ನಲ್ಲಿ ಪರಿಚಿತರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದಾಗ, ಸುಳಿವು ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಆರರಲ್ಲಿ ಒಬ್ಬರು ಮಾತ್ರ. ಉಳಿದವರಿಗೆ ನೆರವಾದದ್ದು ಅಪರೂಪಕ್ಕೆ ಸಿಗುವ ಹಳೆಯ ಸಹಪಾಠಿ, ಹಿಂದಿನ ಸಹೋದ್ಯೋಗಿ ಇತ್ಯಾದಿ. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದವರಿಂದ. 1973ರ ಈ ಲೇಖನ ಉದ್ಯಮಶೀಲತೆಯ ಅಧ್ಯಯನವನ್ನೇ ಬೇರೆ ದಾರಿಗೆ ತಿರುಗಿಸಿತು.

ಸಿಲಿಕಾನ್ ವ್ಯಾಲಿಯ ಬಗ್ಗೆ ಆ್ಯನಲೀ ಸ್ಯಾಕ್ಸೀನಿಯನ್ 1994ರಲ್ಲಿ ಬರೆದ ಪುಸ್ತಕ ಇದೇ ಎಳೆಯನ್ನು ಹಿಡಿಯಿತು. ಬಾಸ್ಟನ್ ಸುತ್ತಲಿನ ಕಂಪ್ಯೂಟರ್ ಕಂಪನಿಗಳು ಕೋಟೆಗಳಂತಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಎಂಜಿನಿಯರುಗಳು ಕಂಪನಿಯಿಂದ ಕಂಪನಿಗೆ ಹಾರುತ್ತಾ ಜ್ಞಾನವನ್ನೂ ಹೊತ್ತೊಯ್ಯುತ್ತಿದ್ದರು. ಇದನ್ನು ಅಲ್ಲಿನ ಮುಕ್ತ ಸಂಸ್ಕೃತಿ ಎಂದು ಹಾಡಿಹೊಗಳುವವರು ಒಂದು ಒಣ ಸಂಗತಿಯನ್ನು ಮರೆಯುತ್ತಾರೆ. ಕೆಲಸ ಬಿಟ್ಟವನು ಪ್ರತಿಸ್ಪರ್ಧಿಯ ಬಳಿ ಸೇರಬಾರದೆಂಬ ಕರಾರನ್ನು ಕ್ಯಾಲಿಫೋರ್ನಿಯಾದ ಕಾನೂನು 1872ರಿಂದಲೂ ಮಾನ್ಯ ಮಾಡುತ್ತಿರಲಿಲ್ಲ. ವಲಸಿಗರ ಬಗ್ಗೆ ಸ್ಯಾಕ್ಸೀನಿಯನ್ ಅವರೇ 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿನ ತಂತ್ರಜ್ಞಾನ ಕಂಪನಿಗಳ ಸುಮಾರು ಕಾಲು ಭಾಗವನ್ನು ಚೀನೀ ಮತ್ತು ಭಾರತೀಯ ಮೂಲದವರು ನಡೆಸುತ್ತಿದ್ದರು. ಭಾರತೀಯ ಉದ್ಯಮಿಗಳು 1992ರಲ್ಲಿ ಕಟ್ಟಿದ ‘ಟೈ’ ಸಂಘಟನೆ ಇಂಥ ಪರಿಚಯಗಳಿಗೊಂದು ಜಗಲಿಯಾಯಿತು.

ಬೆಂಗಳೂರಿನ ಕಥೆ ಇದರ ಮುಂದುವರಿಕೆ. 1909ರ ಭಾರತೀಯ ವಿಜ್ಞಾನ ಸಂಸ್ಥೆ, 1940ರ ಎಚ್ಎಎಲ್, ಐವತ್ತರ ದಶಕದ ಎಚ್ಎಂಟಿ ಮತ್ತು ಬಿಇಎಲ್ ಇಲ್ಲಿ ಎಂಜಿನಿಯರುಗಳ ಪರಿಚಯವಲಯವನ್ನು ಮೊದಲೇ ಹೆಣೆದಿದ್ದವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದದ್ದು ಬಂಜರು ನೆಲಕ್ಕಲ್ಲ. 1981ರಲ್ಲಿ ಇನ್ಫೊಸಿಸ್ ಕಟ್ಟಿದ ಎಂಜಿನಿಯರುಗಳು ಪಟ್ನಿ ಕಂಪ್ಯೂಟರ್ಸ್‌ನಲ್ಲಿ ಜೊತೆಗೆ ದುಡಿದವರು. 2007ರಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದ ಇಬ್ಬರು ದೆಹಲಿ ಐಐಟಿಯಲ್ಲಿ ಓದಿ ಅಮೆಜಾನ್‌ನಲ್ಲಿದ್ದವರು. ಫ್ಲಿಪ್‌ಕಾರ್ಟ್‌ನಿಂದ ಹೊರಬಿದ್ದವರು ಉಡಾನ್‌ನಂಥ ಕಂಪನಿಗಳನ್ನು ಕಟ್ಟಿದರು. ಊರು ಮತ್ತು ಜಾತಿಯ ಜಾಗದಲ್ಲಿ ಕಾಲೇಜು ಮತ್ತು ಹಿಂದಿನ ಕಂಪನಿ ಬಂದು ಕೂತಿವೆ, ಅಷ್ಟೇ. ಒಳಗೆ ಬರಲು ಇಲ್ಲೂ ಯಾರದೋ ಮಾತು ಬೇಕು.

ಇನ್ನು ದೇಶ ದಾಟುವ ಕಂಪನಿಗಳ ಆಡಳಿತದ ವಿಷಯ. ಇಲ್ಲಿ ಸಂಸ್ಕೃತಿಯ ಪಕ್ಷಕ್ಕೆ ಆಧಾರಗ್ರಂಥ ಗೀರ್ಟ್ ಹಾಫ್‌ಸ್ಟೆಡ್‌ರದು. ಹಲವು ದೇಶಗಳ ಐಬಿಎಂ ನೌಕರರಿಂದ ಸಂಗ್ರಹಿಸಿದ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳ ಆಧಾರದ ಮೇಲೆ ಅವರು 1980ರಲ್ಲಿ ದೇಶಕ್ಕೊಂದು ಅಂಕಪಟ್ಟಿ ಕೊಟ್ಟರು: ಅಧಿಕಾರಕ್ಕೆ ಎಷ್ಟು ಅಂಜಿಕೆ, ವ್ಯಕ್ತಿಗೆ ಎಷ್ಟು ಬೆಲೆ, ಅನಿಶ್ಚಿತತೆಗೆ ಎಷ್ಟು ಹೆದರಿಕೆ ಇತ್ಯಾದಿ. ಕಾರ್ಪೊರೇಟ್ ತರಬೇತಿಗಳಲ್ಲಿ ಇಂದಿಗೂ ಅದರದೇ ಪಾರುಪತ್ಯ. ಒಂದೇ ಕಂಪನಿಯ ನೌಕರರಿಂದ ಇಡೀ ದೇಶದ ಮನಸ್ಸನ್ನು ಅಳೆಯಲಾದೀತೇ ಎಂದು ಬ್ರೆಂಡನ್ ಮೆಕ್‌ಸ್ವೀನಿ 2002ರಲ್ಲಿ ಕೇಳಿದ್ದು ಸರಿಯಾದ ಪ್ರಶ್ನೆ. ಬೀದರ್ ಮತ್ತು ಕುಂದಾಪುರಗಳನ್ನು ಒಂದೇ ಅಂಕದಡಿ ತರುವ ಪಟ್ಟಿಯನ್ನು ಕನ್ನಡಿಗರು ನಂಬುವುದಾದರೂ ಹೇಗೆ?

ಟೊಯೊಟಾದ ಅನುಭವ ಈ ಪಟ್ಟಿಗಳಿಗಿಂತ ಹೆಚ್ಚು ಕಲಿಸುತ್ತದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಗೈರುಹಾಜರಿ, ಜಗಳ, ಕಳಪೆ ಕಾರುಗಳಿಗೆ ಕುಖ್ಯಾತವಾಗಿ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟಾ ಜೊತೆಗೂಡಿ ಅದನ್ನು ‘ನುಮ್ಮಿ’ ಹೆಸರಿನಲ್ಲಿ ಮತ್ತೆ ತೆರೆದಾಗ ಬಹುಪಾಲು ಹಳೆಯ ಕಾರ್ಮಿಕರೇ, ಅದೇ ಯೂನಿಯನ್ನೇ ಇದ್ದರು. ಗುಣಮಟ್ಟ ಮಾತ್ರ ಕೆಲವೇ ವರ್ಷಗಳಲ್ಲಿ ಜಪಾನಿ ಕಾರ್ಖಾನೆಗಳ ಹತ್ತಿರ ಬಂತು. ತಪ್ಪು ಕಂಡರೆ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸುವ ಅಧಿಕಾರ ಪ್ರತಿ ಕಾರ್ಮಿಕನಿಗೂ ಇತ್ತು, ಎಳೆದವನನ್ನು ಯಾರೂ ಗದರುತ್ತಿರಲಿಲ್ಲ. ಅಮೆರಿಕನ್ನರ ರಕ್ತದಲ್ಲೇ ಶಿಸ್ತಿಲ್ಲ ಎಂದವರು ಬಾಯಿ ಮುಚ್ಚಿಕೊಳ್ಳಬೇಕಾಯಿತು.

ಇದೇ ಕಂಪನಿ ಕಿರ್ಲೋಸ್ಕರ್ ಜೊತೆಗೂಡಿ 1997ರಲ್ಲಿ ಬಿಡದಿಗೆ ಬಂತು. ಇಲ್ಲಿ ದಾರಿ ಅಷ್ಟು ಸಲೀಸಾಗಿರಲಿಲ್ಲ. 2006ರ ಜನವರಿಯಲ್ಲಿ ಕೆಲವು ಕಾರ್ಮಿಕರ ವಜಾ ವಿರೋಧಿಸಿ ಮುಷ್ಕರ, ಅದರ ಬೆನ್ನಿಗೆ ಲಾಕೌಟ್ ಆಯಿತು. ಕಂಪನಿ 2007ರಲ್ಲಿ ಬಿಡದಿಯಲ್ಲೇ ತರಬೇತಿ ಸಂಸ್ಥೆ ತೆರೆದು, ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಬಡ ಹುಡುಗರಿಗೆ ಮೂರು ವರ್ಷ ಊಟ ವಸತಿ ಕೊಟ್ಟು ಕೆಲಸ ಕಲಿಸತೊಡಗಿತು. ಆದರೂ 2020ರ ನವೆಂಬರಿನಲ್ಲಿ ಮತ್ತೆ ಲಾಕೌಟ್. ಕಾರ್ಮಿಕರು ಕೆಲಸದ ಒತ್ತಡದ ಮಾತಾಡಿದರು, ಆಡಳಿತ ಶಿಸ್ತಿನ ಮಾತಾಡಿತು. ಇದನ್ನು ಜಪಾನಿ ಮತ್ತು ಭಾರತೀಯ ಸಂಸ್ಕೃತಿಗಳ ಘರ್ಷಣೆ ಎನ್ನುವುದು ಸೋಮಾರಿತನ. ಜಪಾನಿನಲ್ಲೇ ಟೊಯೊಟಾ 1950ರಲ್ಲಿ ಭಾರೀ ಮುಷ್ಕರ ಕಂಡಿತ್ತು, ಸಂಸ್ಥಾಪಕ ಕಿಯಿಚಿರೊ ಟೊಯೊಡಾ ಅಧ್ಯಕ್ಷ ಸ್ಥಾನ ಬಿಟ್ಟಿದ್ದರು. ಇಂದು ಎಲ್ಲರೂ ಕೊಂಡಾಡುವ ಅಲ್ಲಿನ ಸಾಮರಸ್ಯ 1962ರಲ್ಲಿ ಯೂನಿಯನ್ ಮತ್ತು ಆಡಳಿತ ಕೂಡಿ ಮಾಡಿದ ಜಂಟಿ ಘೋಷಣೆಯಲ್ಲಿ ರೂಪ ಪಡೆಯಿತು. ಅಂದರೆ ಹನ್ನೆರಡು ವರ್ಷಗಳ ಹೊಂದಾಣಿಕೆಯ ಫಲ. ಆ ಹೊಂದಾಣಿಕೆಯನ್ನು ಬಿಡದಿಯಲ್ಲಿ ಇಲ್ಲಿನ ಯೂನಿಯನ್, ಇಲ್ಲಿನ ಹಳ್ಳಿಗಳ ಜೊತೆ ಹೊಸದಾಗಿ ಕಟ್ಟಬೇಕಿತ್ತು.

ವಾಲ್‌ಮಾರ್ಟ್ ಜರ್ಮನಿಯಲ್ಲಿ ಮುಗ್ಗರಿಸಿದ್ದು ಪಠ್ಯಪುಸ್ತಕಗಳ ನೆಚ್ಚಿನ ಪಾಠ. 1997-98ರಲ್ಲಿ ಎರಡು ಸ್ಥಳೀಯ ಮಳಿಗೆ ಸರಣಿಗಳನ್ನು ಕೊಂಡು ಬಂತು, 2006ರಲ್ಲಿ ಮಾರಿ ಹೋಯಿತು. ಬಾಗಿಲಲ್ಲಿ ನಗುಮೊಗದ ಸ್ವಾಗತ ಜರ್ಮನರಿಗೆ ಕಿರಿಕಿರಿಯಾಯಿತು ಎಂದು ತಮಾಷೆಯಾಗಿ ಹೇಳುತ್ತಾರೆ. ಅದು ನಿಜವಾದರೂ ಸಣ್ಣ ಸಂಗತಿ. ಆಲ್ಡಿ ಮತ್ತು ಲಿಡ್ಲ್ ಆಗಲೇ ಅದಕ್ಕಿಂತ ಅಗ್ಗವಾಗಿದ್ದವು. ನೌಕರರ ಪ್ರೇಮ ವ್ಯವಹಾರಕ್ಕೂ ಕೈಹಾಕಿದ ನೀತಿಸಂಹಿತೆಗೆ ಕಾರ್ಮಿಕ ನ್ಯಾಯಾಲಯ ತಡೆ ಹಾಕಿತು. ಪೂರೈಕೆದಾರರು, ಕಾರ್ಮಿಕ ಸಂಘ, ಕಾನೂನು ಯಾವುದರೊಳಗೂ ಅದಕ್ಕೆ ತನ್ನವರಿರಲಿಲ್ಲ. ಭಾರತದಲ್ಲೂ ಭಾರ್ತಿ ಜೊತೆಗಿನ ಮೊದಲ ಪಾಲುದಾರಿಕೆ 2013ರಲ್ಲಿ ಮುರಿಯಿತು. 2018ರಲ್ಲಿ 16 ಶತಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟಿನ ಶೇ 77ರಷ್ಟು ಪಾಲು ಕೊಂಡಾಗ ಅದು ಹೆಸರನ್ನೂ ಬದಲಿಸಲಿಲ್ಲ. ಕೊಂಡದ್ದು ಹೆಚ್ಚಾಗಿ ಸಂಪರ್ಕಗಳನ್ನೇ.

ಸ್ವೀಡನ್ನಿನ ಯಾನ್ ಯೊಹಾನ್ಸನ್ ಮತ್ತು ಯಾನ್ ಎರಿಕ್ ವಾಲ್ನೆ ಈ ವಿಷಯದ ಇಬ್ಬರು ಹಿರಿಯರು. ಕಂಪನಿಗಳು ಮೊದಲು ತಮ್ಮಂಥ ನೆರೆದೇಶಗಳಿಗೆ ಹೋಗಿ, ಅನುಭವ ಬಂದ ಮೇಲೆ ದೂರಕ್ಕೆ ಹೋಗುತ್ತವೆ ಎಂದು 1977ರಲ್ಲಿ ಬರೆದವರು ಅವರೇ. 2009ರಲ್ಲಿ ತಮ್ಮ ಸಿದ್ಧಾಂತವನ್ನು ತಾವೇ ತಿದ್ದಿದರು. ಪರದೇಶಿ ಎಂಬುದಕ್ಕಿಂತ, ಅಲ್ಲಿನ ವ್ಯವಹಾರ ಜಾಲದ ಹೊರಗಿನವನು ಎಂಬುದೇ ದೊಡ್ಡ ತೊಡಕು ಎಂದರು. ಇಷ್ಟು ವರ್ಷಗಳ ಚರ್ಚೆಯಲ್ಲಿ ಅತ್ಯಂತ ಕೆಲಸಕ್ಕೆ ಬರುವ ಮಾತು ಇದು. ಪರದೇಶದಲ್ಲಿ ಕಾಲೂರಲು ಒದ್ದಾಡುವ ದೈತ್ಯ ಕಂಪನಿಗೆ ಎಷ್ಟು ಅನ್ವಯವಾಗುತ್ತದೋ ಸ್ವಂತ ಊರಿನಲ್ಲೇ ಗಿರಾಕಿ ಸಿಗದ ದಲಿತ ಉದ್ಯಮಿಗೂ ಅಷ್ಟೇ ಅನ್ವಯವಾಗುತ್ತದೆ. 2005ರ ಆರ್ಥಿಕ ಗಣತಿಯ ಲೆಕ್ಕದಲ್ಲಿ ದೇಶದ ಜನಸಂಖ್ಯೆಯಲ್ಲಿ ಶೇ 16.4ರಷ್ಟಿದ್ದ ಪರಿಶಿಷ್ಟ ಜಾತಿಯವರ ಕೈಯಲ್ಲಿದ್ದ ಉದ್ದಿಮೆಗಳು ಶೇ 9.8. ಇದನ್ನು ಹಂಬಲದ ಕೊರತೆ ಎನ್ನಲಾಗದು.

ಹುಟ್ಟಿನಿಂದ ಬಾರದ ಜಾಲವನ್ನು ಕಟ್ಟಿಕೊಳ್ಳಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಗಳಿವೆ. ಮಹಿಳಾ ಉದ್ಯಮಿಗಳ ಸಂಘಟನೆ ‘ಅವೇಕ್’ 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಎಂಬತ್ತರ ದಶಕದ ನಡುವೆ ಮೈರಾಡಾ ಸಂಸ್ಥೆ ಹಳ್ಳಿಗಳಲ್ಲಿ ಬೆಳೆಸಿದ ಸಣ್ಣ ಗುಂಪುಗಳ ಅನುಭವದ ಮೇಲೆ ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಅಡವಿಡಲು ಏನೂ ಇಲ್ಲದ ಹೆಂಗಸಿಗೆ ಗುಂಪಿನ ಉಳಿದವರೇ ಜಾಮೀನಾದರು. 2005ರಲ್ಲಿ ಪುಣೆಯಲ್ಲಿ ಮಿಲಿಂದ್ ಕಾಂಬ್ಳೆ ಕಟ್ಟಿದ ದಲಿತ ವಾಣಿಜ್ಯ ಮಂಡಳಿ ‘ಡಿಕ್ಕಿ’ಯದೂ ಇದೇ ದಾರಿ.

ಸರಕಾರಗಳು ಮಾತ್ರ ಇನ್ನೂ ನಿವೇಶನ, ಸಾಲ, ಸಬ್ಸಿಡಿ ಕೊಟ್ಟರೆ ಕೆಲಸ ಮುಗಿಯಿತೆಂದುಕೊಂಡಿವೆ. ಶೆಡ್ ಕಟ್ಟಿ ಯಂತ್ರ ತಂದವನಿಗೆ ಮೊದಲ ಆರ್ಡರ್ ಕೊಡುವವರು ಯಾರು ಎಂಬ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ನಿಯಮ ಕೇಂದ್ರದ ಪುಸ್ತಕದಲ್ಲಿದೆ. 2012ರ ಸಾರ್ವಜನಿಕ ಖರೀದಿ ನೀತಿಯ ಪ್ರಕಾರ ಕೇಂದ್ರದ ಇಲಾಖೆಗಳು ಮತ್ತು ಉದ್ದಿಮೆಗಳು ತಮ್ಮ ಖರೀದಿಯ ಶೇ 4ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರ ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಮಾಡಬೇಕು. ಸಾಧನೆ ಆ ಗುರಿಗಿಂತ ಬಹಳ ಹಿಂದೆಯೇ ಉಳಿದಿದೆ. ಹೊಸ ಉದ್ಯಮ ನೀತಿ ಬರೆಯಲು ಕೂರುವವರು ಮೊದಲು ಈ ಹಳೆಯ ಶೇ 4ನ್ನು ಮುಟ್ಟಿಸಲಿ.